ದಿಬ್ಬ ಕಡಿದ ಮಿಸ್ತ್ರಿ

ಮೊಮ್ಮಕ್ಕಳೇ, ಹೋದ ತಿಂಗಳು ನಿಮ್ಮಪ್ಪ ಮೈಂದರ್ಗಿಯಿಂದ ಒಂದು ಕೋಲು ತಂದು ದೇವರ ಮನೆಯ ಮೂಲೆಗೆ ಒರಗಿಸಿಟ್ಟ. ಜಾಲಿಯ ಕೋಲು, ಒಂದು ಮೊಳಕ್ಕಿಂತ ತುಸು ಉದ್ದ, ತುದಿಗೆ ಕಬ್ಬಿಣದ ಬಳೆ ಹಾಕಿದ್ದು. ನಿಮ್ಮೊಳಗಿನ ಸಣ್ಣಾಕೆ ಬಂದು, "ಆಯಿ, ಇದು ಯಾರಿಗಿ ಹೊಡಿಯಾಕ?" ಎಂದು ಕೇಳಿದಳು. ಆಮೇಲೆ ಆ ಕೋಲನ್ನು ಎರಡು ಸಲ ದೇವರ ಮನೆಯಿಂದ ತೆಗೆದು ಹೊರಗಿಟ್ಟೆ, ಎರಡು ಸಲ ಮತ್ತೆ ಒಳಗಿಟ್ಟೆ. ಅದನ್ನೂ ಸಣ್ಣಾಕೆ ನೋಡಿದಳು. ಅದು ದೇವರ ಮುಂದೆ ಇರಬೇಕೋ ಬೇಡವೋ ಎಂಬುದು ನನಗೇ ತಿಳಿಯದೆ ಹೋಗಿದೆ. ಬರೆಯುತ್ತಾ ಹೋದರೆ ತಿಳಿದೀತು ಎಂದುಕೊಂಡು ಬರೆಯುತ್ತಿದ್ದೇನೆ. ನಿಮಗೆ ಸಾಲೆಯಲ್ಲಿ ಮರಾಠಿ ಕಲಿಸುತ್ತಾರೆ, ನನಗೆ ಬರೆಯಲು ಬರುವುದು ಕನ್ನಡ ಒಂದೇ. ಎಲ್ಲಿ ತೊಡಕಾಗುವುದೋ ಅಲ್ಲಿ ನಿಮ್ಮ ಅವ್ವನ ಕೈಲಿ ಓದಿಸಿಕೊಳ್ಳಿ. ಅವಳು ಇಂಡಿ ಕಡೆಯವಳು, ಕನ್ನಡ ಸಾಲೆಯಲ್ಲಿ ಕಲಿತವಳು.

ಕೋಲು ಮಿಸ್ತ್ರಿಯವರದು. ಹೊಡೆಯುವುದಕ್ಕಲ್ಲ, ಕೇಳುವುದಕ್ಕೆ. ಗಾಡಿಯ ಟಾಯರಿಗೆ ಅದರಿಂದ ಒಂದು ಪೆಟ್ಟು ಹಾಕಿದರೆ, ಹವಾ ತುಂಬಿದ ಟಾಯರ್ ಟಣ್ ಎನ್ನುತ್ತದೆ, ಕಡಿಮೆಯಾದದ್ದು ಧಪ್ ಎನ್ನುತ್ತದೆ. ಅಕ್ಕಲಕೋಟೆಯ ನಮ್ಮ ಮನೆಗೆ ಹತ್ತಿಕೊಂಡೇ ನಮ್ಮ ಲಾರಿ ಗಾಡಿಗಳು ನಿಲ್ಲುವ ಬಯಲು ಇದೆಯಲ್ಲ, ಅಲ್ಲಿಂದ ದಿನಾ ಮುಂಜಾನೆ ಆ ಶಬ್ದ ಬರುತ್ತಿತ್ತು. ಒಂದೊಂದು ಗಾಡಿಗೆ ಆರು ಪೆಟ್ಟು. ರೊಟ್ಟಿ ಬಡಿಯುತ್ತ ನಾನು ಒಳಗಿನಿಂದಲೇ ಕೇಳುತ್ತಿದ್ದೆ. ಕೆಲವು ದಿನ ನನ್ನ ರೊಟ್ಟಿಯ ಬಡಿತವೂ ಅವರ ಬಡಿತವೂ ಒಂದೇ ಲೆಕ್ಕಕ್ಕೆ ಬೀಳುತ್ತಿದ್ದವು, ಆಗ ನಾಚಿಕೆಯಾಗಿ ಕೈ ನಿಲ್ಲಿಸುತ್ತಿದ್ದೆ.

ಅವರ ಹೆಸರು ಬರೆಯುವುದಿಲ್ಲ. ನಿಮ್ಮ ಅಜ್ಜನ ಹೆಸರನ್ನೇ ಬಾಯಿಬಿಟ್ಟು ಹೇಳಿದವಳಲ್ಲ ನಾನು. ಎಲ್ಲರೂ ಮಿಸ್ತ್ರಿ ಅನ್ನುತ್ತಿದ್ದರು. ಬಸ್ ಡಿಪೋದಲ್ಲಿ ಟಾಯರ್ ಕೆಲಸ ಮಾಡಿ ಬಂದವರು. ತೆಳ್ಳಗಿನ ಆಳು, ಒಂದು ಹೆಗಲು ಕೆಳಗೆ. ಡಿಪೋದ ಖಾಕಿ ಅಂಗಿಯನ್ನೇ ಕೊನೆಯವರೆಗೂ ಹಾಕಿದರು. ಕಾಲಿನ ಚಪ್ಪಲಿಗೆ ಸವೆದ ಟಾಯರಿನ ಅಟ್ಟೆ. ತಲೆಯ ಮೇಲಿನ ಬಿಳಿ ಟೊಪ್ಪಿಗೆ ಮಾತ್ರ ಸೋಮವಾರಕ್ಕೊಮ್ಮೆ ತೊಳೆದು ಇಸ್ತ್ರಿ ಆಗಿರುತ್ತಿತ್ತು. ಡೀಸೆಲ್ ದರ ಏರುತ್ತಾ ಹೋಗಿ ಆರು ಗಾಡಿ ಓಡಿಸುವುದು ಭಾರವಾದಾಗ, ಖರ್ಚು ಕಡಿಮೆ ಮಾಡುವ ಮನುಷ್ಯ ಎಂದು ನಿಮ್ಮ ಅಜ್ಜ ಅವರನ್ನು ಮೈಂದರ್ಗಿಯಿಂದ ಕರೆತಂದರು. ಆಗ ನಮ್ಮ ಗಾಡಿಗಳು ಸೋಲಾಪುರದಿಂದ ಚಾದರು, ಟಾವೆಲ್ಲಿನ ಗಂಟು ತುಂಬಿಕೊಂಡು ಕಲಬುರ್ಗಿ, ಹೈದರಾಬಾದ್ ಕಡೆ ಹೋಗುತ್ತಿದ್ದವು. ಬರುವಾಗ ಬಹಳ ಸಲ ಖಾಲಿ ಬರುತ್ತಿದ್ದವು.

ಬಂದ ಮೊದಲ ತಿಂಗಳಲ್ಲೇ ಮಿಸ್ತ್ರಿ ಬಯಲಿನ ಒಂದು ಮೂಲೆಯಲ್ಲಿ ಮಣ್ಣು ಹಾಕಿಸಿ ಒಂದು ದಿಬ್ಬ ಕಟ್ಟಿಸಿದರು. ಒಂದು ಗಾಡಿ ಹಿಂದಕ್ಕೆ ಹತ್ತಿ ನಿಲ್ಲುವಷ್ಟು ಎತ್ತರ. ಬ್ಯಾಟರಿ ಸೋತ ಗಾಡಿಯನ್ನು ಸಂಜೆ ಅದರ ಮೇಲೆ ನಿಲ್ಲಿಸುವುದು, ಮುಂಜಾನೆ ಬ್ರೇಕ್ ಬಿಟ್ಟು ಇಳಿಸುವುದು. ಇಳಿಯುವ ಓಟಕ್ಕೆ ಗೇರಿಗೆ ಬಿದ್ದು ಎಂಜಿನ್ ತಾನೇ ಚಾಲೂ ಆಗುತ್ತದೆ. ಹೀಗೆ ಸೋತ ಬ್ಯಾಟರಿಯನ್ನೂ ಇನ್ನು ನಾಲ್ಕಾರು ತಿಂಗಳು ದುಡಿಸಬಹುದು.

"ಮಣ್ಣು ಹಾಕಿ ಬ್ಯಾಟರಿ ಉಳಿಸ್ಯಾನ ನೋಡ, ಏನ್ ತಲಿ ಅಂವಂದು," ಎಂದು ನಿಮ್ಮ ಅಜ್ಜ ಊಟಕ್ಕೆ ಕೂತಾಗ ಹೇಳಿದರು.

"ಹಂಗಿದ್ರ ಮನಿ ಮುಂದೂ ಒಂದು ದಿಬ್ಬ ಹಾಕಸ್ರಿ. ನಿಮ್ಮ ಫಟಫಟಿಗಿ ಒದಿಯೋದು ತಪ್ಪತೈತಿ," ಎಂದೆ ನಾನು. ಅವರ ಮೋಟಾರ್ ಸೈಕಲ್ಲು ಹತ್ತು ಸಲ ಒದೆಯದೆ ಚಾಲೂ ಆಗುತ್ತಿರಲಿಲ್ಲ.

ಅವರ ಮುಂದೆ ನಾನು ಹೀಗೆಲ್ಲ ಮಾತಾಡುತ್ತಿದ್ದೆ, ನೀವು ನಂಬಲಿಕ್ಕಿಲ್ಲ. ಅವರು ಅನ್ನ ನೆತ್ತಿಗೇರುವಂತೆ ನಕ್ಕರು. ಈ ಮಾತನ್ನು ನೆನಪಿಟ್ಟುಕೊಳ್ಳಿ.

ನಿಮ್ಮಪ್ಪ ಹತ್ತನೇ ಇಯತ್ತೆಯಲ್ಲಿದ್ದಾಗ, ಹೋಳಿಯ ಹಿಂದುಮುಂದಿನ ದಿನಗಳಲ್ಲಿ, ನಿಮ್ಮ ಅಜ್ಜ ಹೋದರು. ಮಂಗಳವೇಢೆ ಕಡೆ ಮರವಡೆ ಎಂಬ ಹಳ್ಳಿಯಿದೆ, ಅಲ್ಲಿಗೆ ಜೋಳ ತುಂಬಿಸಿಕೊಂಡು ಬರಲು ಹಿರೇ ಗಾಡಿಯಲ್ಲಿ ಹೋಗಿದ್ದರು. ಅವರು ಕೊಂಡ ಮೊದಲನೇ ಗಾಡಿ ಅದು, ಅದಕ್ಕೇ ಹಿರೇ ಗಾಡಿ. ಓಡಿಸುತ್ತಿದ್ದವರು ನೀವು ಇವತ್ತಿಗೂ ಡ್ರೈವರ್ ಕಾಕಾ ಎನ್ನುವವರೇ. ಮಧ್ಯಾಹ್ನ ಎದೆನೋವು ಬಂತು, ದವಾಖಾನೆ ಮುಟ್ಟುವುದರೊಳಗೆ ಮುಗಿಯಿತು. ನನಗೆ ಹೇಳಿದ್ದು ಇಷ್ಟೇ. ಇಷ್ಟನ್ನೇ ನಾನು ಇಪ್ಪತ್ತು ವರ್ಷಕ್ಕೂ ಮಿಕ್ಕಿ ಪೂರ್ತಿ ಎಂದು ತಿಳಿದಿದ್ದೆ.

ಹದಿಮೂರನೆಯ ದಿನದ ಕಾರ್ಯ ಮುಗಿದ ಮರುದಿನ ಬಯಲಿನಿಂದ ಗುದ್ದಲಿಯ ಶಬ್ದ ಕೇಳಿತು. ಕಿಟಕಿಯಿಂದ ನೋಡಿದೆ. ಮಿಸ್ತ್ರಿ ಒಬ್ಬರೇ ದಿಬ್ಬ ಕಡಿಯುತ್ತಿದ್ದರು. ತಾವೇ ಮುಂದೆ ನಿಂತು ಕಟ್ಟಿಸಿದ ದಿಬ್ಬ! ಮಣ್ಣನ್ನು ಬುಟ್ಟಿಯಲ್ಲಿ ತುಂಬಿ, ಹೊತ್ತು, ಬೇಲಿಯ ಆಚೆ ಚೆಲ್ಲಿ ಬರುತ್ತಿದ್ದರು. ಆಳು ಹಚ್ಚಲಿಲ್ಲ, ಯಾರನ್ನೂ ಮುಟ್ಟಗೊಡಲಿಲ್ಲ. ಒಂದು ವಾರ ಹಿಡಿಯಿತು. ಯಾಕೆ ಎಂದು ನಿಮ್ಮಪ್ಪನ ಕೈಲಿ ಕೇಳಿಸಿದೆ.

"ಮಳಿ ನೀರು ನಿಲ್ಲತೈತಿ, ವೈನಿಗಿ ಹೇಳು," ಎಂದು ಉತ್ತರ ಬಂತು. ನನ್ನನ್ನು ಅವರೆಲ್ಲ ವೈನಿ, ಅತ್ತಿಗೆ, ಎಂದೇ ಕರೆಯುತ್ತಿದ್ದರು.

ಮಳೆಗಾಲಕ್ಕೆ ಇನ್ನೂ ಮೂರು ತಿಂಗಳಿತ್ತು. ದಿಬ್ಬದ ಮೇಲೆ ನೀರು ನಿಲ್ಲುವುದಾದರೂ ಹೇಗೆ? ಆದರೆ ಆ ದಿನಗಳಲ್ಲಿ ನನಗೆ ತಿಳಿಯದ ಸಂಗತಿಗಳು ಬಹಳ ಇದ್ದವು, ಅದರಲ್ಲಿ ಇದೂ ಒಂದು ಎಂದು ಬಿಟ್ಟೆ.

ಇನ್ನೊಂದು ತಿಳಿಯದ ಸಂಗತಿ ಚಹಾದ್ದು. ಮೊದಲು ನಮ್ಮ ಮನೆಯ ಚಹಾ ಎಂದರೆ ಬಸಿಗೆ ಸುರಿದು ಎರಡು ಬಸಿ ಕುಡಿಯುತ್ತಿದ್ದ ಮನುಷ್ಯ, ಅವತ್ತಿನಿಂದ ಒಂದು ಗುಟುಕೂ ಮುಟ್ಟಲಿಲ್ಲ. ಮಧ್ಯಾಹ್ನ ಮನೆಯಿಂದ ತಂದ ಕಡಕ್ ರೊಟ್ಟಿ, ಶೇಂಗಾ ಹಿಂಡಿಯ ಗಂಟು ಬಿಚ್ಚಿ ಕಚೇರಿಯ ಕಟ್ಟೆಯ ಮೇಲೆ ಕೂರುತ್ತಿದ್ದರು, ಗೋಡೆಯ ಮೇಲಿನ ನಿಮ್ಮ ಅಜ್ಜನ ಫೋಟೋಕ್ಕೆ ಬೆನ್ನು ಮಾಡಿ. ಮಾಲಕರು ಹೋದರು, ಇನ್ನು ಈ ಮನೆಯ ಹಂಗು ಬೇಡ ಎಂದೇ ಹೀಗೆ ಮಾಡುತ್ತಾರೆ ಅಂದುಕೊಂಡೆ. ಮನಸ್ಸಿಗೆ ನೋವಾಯಿತು.

ಅಷ್ಟರಲ್ಲಿ ಸೋಲಾಪುರದಿಂದ ಭಾವನವರು ಬಂದರು. ನಿಮ್ಮ ಅಜ್ಜನ ಅಣ್ಣ, ಬಟ್ಟೆಯ ಅಂಗಡಿ ಇಟ್ಟವರು. ಕಚೇರಿಗೂ ಒಳಮನೆಗೂ ನಡುವೆ ಇಳಿಬಿಟ್ಟ ಪಡದೆಯ ಆಚೆ ಕುರ್ಚಿ ಹಾಕಿಸಿಕೊಂಡು ಕೂತು, ಈಚೆ ಇದ್ದ ನನಗೆ ಹೇಳಿದರು:

"ನೋಡವಾ, ಲಾರಿ ಧಂದೆ ಗಂಡಸರದು. ಪಡದಿ ಹಿಂದ ಕುಂತು ಆರು ಗಾಡಿ ಹ್ಯಾಂಗ ಓಡಸ್ತಿ? ಅವು ನಿನಗ ದುಡದು ಹಾಕಂಗಿಲ್ಲ, ನಿನ್ನ ತಿಂತಾವ. ಮಾರಿ ರೊಕ್ಕ ಅಂಗಡ್ಯಾಗ ಹಾಕೋಣು. ಹುಡುಗ ನನ್ನ ಕೈಯಾಗ ಧಂದೆ ಕಲೀತಾನ. ದೀಪಾವಳಿ ತನಕ ನೋಡತೀನಿ."

ಗಾಡಿ ಮಾರಿದರೆ ನಿಮ್ಮಪ್ಪ ಜೀವನಪೂರ್ತಿ ದೊಡ್ಡಪ್ಪನ ಅಂಗಡಿಯಲ್ಲಿ ಬಟ್ಟೆಯ ತಾನು ಬಿಚ್ಚುತ್ತ, ಮಡಚುತ್ತ ನಿಲ್ಲಬೇಕು. ಅವನು ದೊಡ್ಡವನಾಗುವವರೆಗೆ ಆರು ಗಾಡಿ ಉಳಿಯಬೇಕು. ನನಗೆ ಬೇಕಾದದ್ದು ಅಷ್ಟೇ. ಅದಕ್ಕೆ ದಾರಿ ಒಂದೇ: ಗಾಡಿಗಳು ತಿನ್ನುವುದು ಕಡಿಮೆಯಾಗಬೇಕು. ಅದನ್ನು ಬಲ್ಲವರು ಮಿಸ್ತ್ರಿ ಒಬ್ಬರು, ಮತ್ತು ಅವರಿಗೂ ನನಗೂ ಮಾತಿಲ್ಲ. ಅವರು ಬಾಗಿಲಲ್ಲಿ ನಿಂತು ನೆಲಕ್ಕೆ ಹೇಳುತ್ತಿದ್ದರು, ನಾನು ಪಡದೆಗೆ ಉತ್ತರ ಕೊಡುತ್ತಿದ್ದೆ. ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುತ್ತಿರಲಿಲ್ಲ.

ಭಾವನವರು ಹೋದ ಮೂರನೆಯ ದಿನ ನಿಮ್ಮಪ್ಪನ ಹಳೆಯ ಪಾಟಿಯನ್ನು ಹೊಸ್ತಿಲ ಮೇಲೆ ಕಂಡೆ. ಅದರ ಮೇಲೆ ಮಿಸ್ತ್ರಿ ಬಳಪದಿಂದ ಎರಡು ಅಂಕಿ ಬರೆದಿದ್ದರು: ಗಾಡಿ ಎಷ್ಟು ಕಿಲೋಮೀಟರ್ ಓಡಿತು, ಎಷ್ಟು ಲೀಟರ್ ಕುಡಿಯಿತು. ಹೊರಡುವಾಗ ಟಾಕಿ ಕಂಠಮಟ ತುಂಬಿಸುವುದು, ಬಂದ ಮೇಲೆ ಅದೇ ಪಂಪಿನಲ್ಲಿ ಮತ್ತೆ ಕಂಠಮಟ ತುಂಬಿಸುವುದು. ಎಷ್ಟು ಹಿಡಿಯಿತೋ ಅಷ್ಟು ಕುಡಿದ ಹಾಗೆ. ಹಳ್ಳಿಯ ಕನ್ನಡ ಸಾಲೆಯಲ್ಲಿ ಏಳನೆಯದರವರೆಗೆ ಕಲಿತವಳು ನಾನು, ಭಾಗಾಕಾರದಲ್ಲಿ ಮಾತ್ರ ಮಾಸ್ತರರು ನನ್ನನ್ನು ಮುಂದೆ ಕೂರಿಸುತ್ತಿದ್ದರು. ಭಾಗಿಸಿ ಎವರೇಜ್ ಬರೆದು ಪಾಟಿಯನ್ನು ಹೊಸ್ತಿಲಿಗೆ ಇಟ್ಟೆ. ಅವರು ನೋಡಿದರು, ತಲೆಯಾಡಿಸಿದರು, ಅಂಗಿಯ ತೋಳಿನಿಂದ ಒರೆಸಿ ಇನ್ನೊಂದು ಗಾಡಿಯದು ಬರೆದರು. ಹೀಗೆ ನಮ್ಮ ವ್ಯವಹಾರ ಶುರುವಾಯಿತು.

ಅವರು ಮಾಡಿದ್ದು ದೊಡ್ಡ ದೊಡ್ಡ ಕೆಲಸವೇನಲ್ಲ. ಟಾಯರಿಗೆ ಹವಾ, ಎಂಜಿನ್ನಿಗೆ ಸ್ವಚ್ಛ ಗಾಳಿ, ಸವೆದ ಟಾಯರನ್ನು ಮುಂದಿನಿಂದ ಹಿಂದಕ್ಕೆ ಹಾಕುವುದು, ಇನ್ನೂ ಸವೆದರೆ ರಬ್ಬರ್ ಹಾಕಿಸುವುದು. ಖಾಲಿ ಗಾಡಿ ಬಂತೆಂದರೆ ಅವರ ಮುಖ ನೋಡುವಂತಿರಲಿಲ್ಲ. "ಸತ್ತವರ ಮಣ್ಣಿಗಿ ಹೋಗಿ ಬಂದವರು ಬರಿಗೈಲೆ ಬರ್ತಾರ. ಗಾಡಿ ಯಾಕ ಹಂಗ ಬರಬೇಕು?" ಎಂದು ತಾವೇ ಬಸ್ಸು ಹತ್ತಿ ಕಲಬುರ್ಗಿಗೆ ಹೋಗಿ, ಬೇಳೆಯ ಮಿಲ್ಲುಗಳ ಬಾಗಿಲಲ್ಲಿ ಕೂತು, ವಾಪಸು ಬರುವ ಗಾಡಿಗೆ ತೊಗರಿಬೇಳೆ ಗೊತ್ತು ಮಾಡಿಕೊಂಡು ಬರುತ್ತಿದ್ದರು.

ಒಂದು ದಿನ, ಬೇಡದ ಭಾರಕ್ಕೂ ಡೀಸೆಲ್ ಸುಡುತ್ತದೆ ಎಂದು, ಎಲ್ಲ ಡ್ರೈವರುಗಳಿಗೂ ಕ್ಯಾಬಿನ್ ಖಾಲಿ ಮಾಡಲು ಹೇಳಿದರು. ಬಯಲಿನಲ್ಲಿ ತಾಡಪತ್ರಿ ಹಾಸಿ, ಒಳಗಿದ್ದದ್ದೆಲ್ಲ ಅದರ ಮೇಲೆ ಇಡಿಸಿದರು. ಮುರಿದ ಸ್ಪ್ರಿಂಗಿನ ಪಾಟಾ, ಸರಪಳಿ, ಇಟ್ಟಂಗಿ, ಮೂರು ಜ್ಯಾಕು. ಒಬ್ಬನ ಸೀಟಿನ ಹಿಂದಿನಿಂದ ಒಂದು ಬೀಸುಕಲ್ಲು ಹೊರಬಂತು.

"ಇದೇನ್ಲೇ?" ಎಂದರು ಮಿಸ್ತ್ರಿ.

"ನಮ್ಮ ಮನ್ಯಾಕಿ ತರಾಕ ಹೇಳಿದ್ಳರಿ."

"ಯಾವಾಗ?"

"ಹೋದ ದಸರಾಕ್ಕ."

"ಮತ್ತ ಕೊಟ್ಟಿಲ್ಲ ಯಾಕ?"

"ತರೋ ದಿನಾನ ಜಗಳಾತ್ರಿ ಮನ್ಯಾಗ. ಸಿಟ್ಟಿಲೆ ಕೊಟ್ಟಿಲ್ಲ."

"ಅಂದ್ರ ನಿನ್ನ ಸಿಟ್ಟು ಎಷ್ಟ ಸಲ ಹೈದರಾಬಾದ ನೋಡಿ ಬಂತು?"

"ಹತ್ತು ಹನ್ನೆರಡು ಸಲ ಆಗಿರ್ಬೇಕ್ರಿ."

"ನಾ ಒಮ್ಮಿನೂ ನೋಡಿಲ್ಲಲೇ. ನಿನ್ನ ಬೀಸುಕಲ್ಲಿನ ನಸೀಬ ಛಲೋ ಐತಿ. ಒಯ್ದು ಹೆಂಡತಿ ಕೈಯಾಗ ಕೊಡು, ಇಲ್ಲಾಂದ್ರ ನಾಳಿಂದ ಅದರ ಬಾಡಗಿ ನೀ ಕೊಡು."

ಪಡದೆಯ ಹಿಂದೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆ. ನಿಮ್ಮ ಅಜ್ಜ ಹೋದ ಮೇಲೆ ಅದೇ ಮೊದಲು ನಕ್ಕದ್ದು. ಯಾರಿಗಾದರೂ ಕೇಳಿಸಿತೋ ಎಂದು ಆಮೇಲೆ ಬಹಳ ಹೊತ್ತು ಹೆದರಿಕೊಂಡಿದ್ದೆ.

ಅಮಾವಾಸ್ಯೆಗೆ ಗಾಲಿಯ ಕೆಳಗೆ ಲಿಂಬೆಹಣ್ಣು ಇಡುವುದನ್ನೂ ಈ ಮನುಷ್ಯ ಬಿಡಿಸುತ್ತಾನೆ ಎಂದು ಡ್ರೈವರುಗಳು ಗೊಣಗುತ್ತಿದ್ದರು. ಮಿಸ್ತ್ರಿ ಬಿಡಿಸಲಿಲ್ಲ. "ಲಿಂಬಿಹಣ್ಣು ಡೀಸೆಲ್ ಕುಡಿಯಂಗಿಲ್ಲ, ಇಡ್ರಿ. ಆದ್ರ ಅದರ ಮ್ಯಾಲ ಹತ್ತೋ ಟಾಯರಿನ ಹವಾ ಮೊದಲ ನೋಡ್ರಿ," ಎಂದರು. ಒಂದೇ ಒಂದು ವಿಷಯಕ್ಕೆ ಅವರಿಗೆ ನಿಜವಾದ ಸಿಟ್ಟು ಬರುತ್ತಿತ್ತು. ತೂಕದ ಕಾಟೆಯ ಸಾಲಿನಲ್ಲಿ, ಚಹಾದ ಅಂಗಡಿಯ ಮುಂದೆ, ಎಂಜಿನ್ ಚಾಲೂ ಇಟ್ಟು ಗಾಡಿ ನಿಲ್ಲಿಸುವುದು. "ನಿಂತ ಎತ್ತಿಗಿ ಮೇವು ಬೇಕು. ನಿಂತ ಗಾಡಿಗಿ ಏನೂ ಬ್ಯಾಡ. ಅದರ ಪುಣ್ಯಾನ ಅಷ್ಟು. ಅದನ್ನೂ ಯಾಕ ಕಸೀತೀರಿ?" ಎನ್ನುತ್ತಿದ್ದರು.

ದೀಪಾವಳಿಗೆ ಭಾವನವರು ಬಂದಾಗ ಪಾಟಿ ತೋರಿಸಿದೆ. ಹುಬ್ಬೇರಿಸಿದರು, "ಇನ್ನೊಂದ ವರ್ಷ ನೋಡೋಣು," ಎಂದರು. ಹೀಗೆ ಮೂರು ದೀಪಾವಳಿ ದಾಟಿದವು.

ಆದರೆ ಪಾಟಿಯಲ್ಲಿ ಒಂದು ಗಾಡಿ ಮಾತ್ರ ನನ್ನ ಭಾಗಾಕಾರಕ್ಕೆ ಬಗ್ಗಲಿಲ್ಲ. ಹಿರೇ ಗಾಡಿ. ಉಳಿದ ಐದೂ ಗಾಡಿಗಳ ಎವರೇಜ್ ಏರಿತು, ಅದರದು ಏರಲಿಲ್ಲ. ಕಾರಣ ನನ್ನ ಕಣ್ಣಿಗೇ ಕಾಣುತ್ತಿತ್ತು. ಡ್ರೈವರ್ ಕಾಕಾ ಎಂಜಿನ್ ಬಂದ್ ಮಾಡುತ್ತಿರಲಿಲ್ಲ. ಬಯಲಿನಲ್ಲಿ ಗಂಟು ತುಂಬುವಾಗಲ್ಲ, ಊಟಕ್ಕೆ ಕೂತಾಗಲ್ಲ. ರಾತ್ರಿ ನಿಲ್ಲಿಸುವಾಗ ಒಂದು ಬಿಟ್ಟರೆ ಅದು ಸದಾ ಗುರುಗುಡುತ್ತಿತ್ತು. ಉಳಿದವರಿಗೆ ಬೈಯುವ ಮಿಸ್ತ್ರಿ ಅದರ ಪಕ್ಕದಲ್ಲೇ ಹಾದು ಹೋಗುತ್ತಿದ್ದರು, ಒಂದು ಮಾತೂ ಆಡುತ್ತಿರಲಿಲ್ಲ. ಇಷ್ಟೇ ಅಲ್ಲ. ಪ್ರತಿ ವರ್ಷ ಹೋಳಿಗೆ ಮುಂಚೆ ಆ ಗಾಡಿಗೆ ಹೊಸ ಬ್ಯಾಟರಿ. ಒಳ್ಳೆಯ ಸ್ಥಿತಿಯಲ್ಲಿದ್ದದ್ದನ್ನು ತೆಗೆದು ಬೇರೆ ಗಾಡಿಗೆ ಹಾಕಿ, ಇದಕ್ಕೆ ಹೊಸದು. ತಮ್ಮ ಚಪ್ಪಲಿಗೆ ಹೊಸ ಅಟ್ಟೆ ಹಾಕಿಸದ ಮನುಷ್ಯ!

ಪಾಟಿಯ ಮೇಲೆ ಬರೆದೆ: "ಹಿರೇ ಗಾಡಿ ಯಾಕೆ ಕಡಿಮೆ?"

"ಹಳೇ ಎಂಜಿನ್," ಎಂದು ಬರೆದು ಇಟ್ಟರು.

ಮತ್ತೆ ಬರೆದೆ: "ವರ್ಷಕ್ಕೊಂದು ಬ್ಯಾಟರಿ ಯಾಕೆ?"

ಆ ದಿನ ಪಾಟಿ ಹಸಿಹಸಿಯಾಗಿ ವಾಪಸು ಬಂತು. ನೀರು ಹಚ್ಚಿ ಒರೆಸಿದ್ದರು. ಮೇಲೆ ಒಂದಕ್ಷರವೂ ಇರಲಿಲ್ಲ.

ಅದನ್ನು ನಾನು ಭಾವನವರ ಕಿವಿಗೆ ಹಾಕಿದೆ. ಅದು ನನ್ನದೇ ಕೆಲಸ, ಇನ್ನೊಬ್ಬರ ಮೇಲೆ ಹಾಕಲಾರೆ. ಅವರು ಆ ವಾರವೇ ಬಂದು, ಬಯಲಿನಲ್ಲಿ ಎಲ್ಲ ಡ್ರೈವರುಗಳ ಮುಂದೆ ಮಿಸ್ತ್ರಿಯನ್ನು ನಿಲ್ಲಿಸಿಕೊಂಡರು.

"ಏನಪಾ ಮಿಸ್ತ್ರಿ, ಐದು ಗಾಡಿ ನಿನ್ನ ಮಾತು ಕೇಳತಾವ. ಇದೊಂದಕ್ಕ ಕಿವಿ ಇಲ್ಲೇನು?"

"ಹಳೇ ಗಾಡ್ರಿ ಅದು."

"ಹಳೇ ಗಾಡಿಗಿ ವರ್ಷಾ ಹೊಸಾ ಬ್ಯಾಟರಿ! ಅಂಗಡ್ಯಾಂವ ನಿನಗೇನು ಕೊಡತಾನ? ಡೀಸೆಲ್ ಮಾರಿದ್ರಾಗ ಡ್ರೈವರಂದು ಎಷ್ಟು, ನಿಂದು ಎಷ್ಟು?"

ಡ್ರೈವರ್ ಕಾಕಾ ಮುಂದೆ ಬಂದರು. "ಸಾವಕಾರ್ರ, ನಾ ಹೇಳತೀನಿ ಕೇಳ್ರಿ..."

ಮಿಸ್ತ್ರಿ ಕೋಲು ಎತ್ತಿ ಅವರ ಎದೆಗೆ ಅಡ್ಡ ಹಿಡಿದರು. "ನೀ ಸುಮ್ನಿರು. ಹೇಳೋದು ಏನೂ ಇಲ್ಲ. ಚೂಕಿ ನಂದ ಐತಿ."

ತಪ್ಪು ತನ್ನದೇ ಎಂದು ಬಾಯಿಂದಲೇ ಒಪ್ಪಿಕೊಂಡ ಮೇಲೆ ಕೇಳುವುದೇನಿದೆ? ಎಲ್ಲರೂ ಕಳ್ಳತನ ಒಪ್ಪಿಕೊಂಡ ಎಂದೇ ತಿಳಿದರು. ನಾನೂ ತಿಳಿದೆ. ಆದರೂ ಪೂರ್ತಿ ತಿಳಿಯಲಿಲ್ಲ. ಕದ್ದವರು ಕೋಲು ಅಡ್ಡ ಹಿಡಿಯುವ ರೀತಿ ಬೇರೆ ಇರುತ್ತದೆ ಅನಿಸಿತು. ಪಡದೆ ಸರಿಸಿ ಒಂದು ಮಾತು ಕೇಳಿದ್ದರೆ ಸಾಕಿತ್ತು. ಕೈ ಪಡದೆಯ ಅಂಚಿನವರೆಗೆ ಹೋಯಿತು, ಅಲ್ಲೇ ನಿಂತಿತು. ಮಿಸ್ತ್ರಿ ಟೊಪ್ಪಿಗೆ ಸರಿ ಮಾಡಿಕೊಂಡು ಮೈಂದರ್ಗಿಯ ಬಸ್ಸು ಹತ್ತಿ ಹೋದರು.

ಎರಡು ತಿಂಗಳು ಬಯಲಿನಲ್ಲಿ ಬಡಿತವಿಲ್ಲ. ನನ್ನ ರೊಟ್ಟಿ ಒಂದೇ ಬಡಿದುಕೊಳ್ಳುತ್ತಿತ್ತು. ಪಾಟಿ ಮಾತ್ರ ನಾನು ಬಿಡಲಿಲ್ಲ, ಡ್ರೈವರುಗಳಿಂದ ಕೇಳಿ ಕೇಳಿ ಭಾಗಿಸುತ್ತಿದ್ದೆ. ಒಂದೊಂದಾಗಿ ಐದೂ ಗಾಡಿಗಳ ಎವರೇಜ್ ಇಳಿಯಿತು. ಎರಡು ಟಾಯರ್ ದಾರಿಯಲ್ಲೇ ಹರಿದವು. ಗಾಡಿಗಳು ಮತ್ತೆ ಖಾಲಿ ಬರತೊಡಗಿದವು. ವಿಚಿತ್ರವೆಂದರೆ ಹಿರೇ ಗಾಡಿಯದು ಏರಲೂ ಇಲ್ಲ, ಇಳಿಯಲೂ ಇಲ್ಲ. ಇಬ್ಬರೂ ಸೇರಿ ಕದಿಯುತ್ತಿದ್ದರೆ ಒಬ್ಬರು ಹೋದ ಮೇಲೆ ಏನಾದರೂ ಬದಲಾಗಬೇಕಲ್ಲ? ಭಾಗಾಕಾರ ಸರಿಯಾಗಿಯೇ ಬರುತ್ತಿತ್ತು, ಅರ್ಥ ಬರುತ್ತಿರಲಿಲ್ಲ.

ದೀಪಾವಳಿಗೆ ಎಂಟು ದಿನ ಇರುವಾಗ ಭಾವನವರು ಗಾಡಿ ಕೊಳ್ಳುವವರನ್ನು ಕರೆದುಕೊಂಡು ಬರುವುದಾಗಿ ಹೇಳಿ ಕಳಿಸಿದರು. ನಾನು ಪಾಟಿ ತೊಳೆದು, "ನೀವು ಬರಬೇಕು" ಎಂದು ಬರೆದು, ಡ್ರೈವರ್ ಕಾಕಾನ ಕೈಗೆ ಕೊಟ್ಟೆ. ಅವರು ಅದನ್ನು ಅವತ್ತೇ ಮೈಂದರ್ಗಿಗೆ ಒಯ್ದರು.

ಮರುದಿನ ಮುಂಜಾನೆ ಮೊದಲ ರೊಟ್ಟಿ ಹೆಂಚಿಗೆ ಹಾಕುವಾಗ ಬಯಲಿನಿಂದ ಟಣ್ ಎಂದಿತು. ಆಮೇಲೆ ಧಪ್, ಧಪ್, ಟಣ್. ಎರಡು ತಿಂಗಳಲ್ಲಿ ಎಷ್ಟೊಂದು ಧಪ್ ಸೇರಿಕೊಂಡಿದ್ದವು! ಹೊಸ್ತಿಲಿಗೆ ಬಂದು ನೋಡಿದರೆ ಪಾಟಿ ಅಲ್ಲಿತ್ತು. ನಾನು ಬರೆದದ್ದನ್ನು ಒರೆಸಿ ಕಿಲೋಮೀಟರ್, ಲೀಟರ್ ಬರೆದಿದ್ದರು. ತಪ್ಪಾಯಿತು ಎಂದು ನಾನು ಅವರಿಗೆ ಯಾವತ್ತೂ ಹೇಳಲಿಲ್ಲ.

ಕೊಳ್ಳುವವರನ್ನು ಕರೆದುಕೊಂಡು ಭಾವನವರು ಬಂದಾಗ, "ಗಾಡಿ ಮಾರಂಗಿಲ್ಲರಿ," ಎಂದೆ. ಅವರು ಪಡದೆಯನ್ನೇ ದಿಟ್ಟಿಸಿದರು, ಅರಿವೆಗೆ ಬಾಯಿ ಬಂತೇನೋ ಎಂಬಂತೆ.

ಆಮೇಲಿನದು ನಿಮಗೆ ಗೊತ್ತು. ನಿಮ್ಮಪ್ಪ ದೊಡ್ಡವನಾದ. ಈಗ ದೊಡ್ಡ ದೊಡ್ಡ ಗಾಡಿಗಳು. ಯಾವ ಗಾಡಿ ಎಲ್ಲಿದೆ, ಯಾವುದು ಎಂಜಿನ್ ಚಾಲೂ ಇಟ್ಟು ಸುಮ್ಮನೆ ನಿಂತಿದೆ ಎಂದು ಅವನ ಫೋನ್ ಹೇಳುತ್ತದೆ. ಪಡದೆ ತೆಗೆಸಿ ಹಾಕಿದ್ದಾನೆ. ನಾನು ಮಾತ್ರ ಇನ್ನೂ ಪಡದೆ ಇದ್ದ ಜಾಗದ ಹಿಂದೆಯೇ ಕೂರುತ್ತೇನೆ. ಹಿರೇ ಗಾಡಿಗೆ ಮಾತ್ರ ಫೋನಿಗೆ ಸುದ್ದಿ ಕೊಡುವ ಆ ಯಂತ್ರ ಹಾಕಿಸಿಲ್ಲ, ಅದು ಈಗ ಹತ್ತಿರದ ಊರುಗಳಿಗೆ ಹೋಗಿ ಬರುವುದಷ್ಟೇ. ಕಾಲು ಸೋತ ಮೇಲೂ ಮಿಸ್ತ್ರಿ ಸೋಮವಾರಕ್ಕೊಮ್ಮೆ ಬಂದು, ಟಾಯರುಗಳಿಗೆಲ್ಲ ಒಂದೊಂದು ಪೆಟ್ಟು ಹಾಕಿ ಹೋಗುತ್ತಿದ್ದರು. ಹೋದ ತಿಂಗಳು ಅವರು ತೀರಿಕೊಂಡರು. ನಾನೂ ಮೈಂದರ್ಗಿಗೆ ಹೋಗಿದ್ದೆ. ಅವರ ಹೆಂಡತಿ ಈ ಕೋಲು ತಂದು ನಿಮ್ಮಪ್ಪನ ಕೈಗೆ ಕೊಟ್ಟು, "ಇದು ವೈನಿಯವರ ಮನ್ಯಾಗ ಇರಲಿ ಅಂದಾರ," ಎಂದಳು. ನಿಮ್ಮಪ್ಪ ಅದನ್ನು ದೇವರ ಮನೆಯಲ್ಲಿಟ್ಟ. ನನಗೂ ಸರಿ ಅನಿಸಿತು. ನಮ್ಮನ್ನು ಉಳಿಸಿದ ಕೋಲಲ್ಲವೇ?

ನಾಲ್ಕು ದಿನ ಬಿಟ್ಟು ಡ್ರೈವರ್ ಕಾಕಾ ಕಚೇರಿಯ ಬಾಗಿಲಿಗೆ ಬಂದು ನಿಂತರು. ಹೊರಗೆ ಹಿರೇ ಗಾಡಿ ಗುರುಗುಡುತ್ತಿತ್ತು.

"ವೈನಿ, ಅಂವ ಇರೋ ತನಕ ಹೇಳಬ್ಯಾಡ ಅಂತ ಆಣಿ ಹಾಕಿದ್ದ. ಈಗ ಅಂವ ಇಲ್ಲ. ಹೊಟ್ಯಾಗ ಇಟಗೊಂಡು ನಾನೂ ಹೋದ್ರ ಹ್ಯಾಂಗ?"

"ಏನದು?"

"ಅವತ್ತ ಮರವಡ್ಯಾಗ ಜೋಳದ ಚೀಲ ತುಂಬೋದು ಮುಗದಿತ್ತು, ಎಂಜಿನ್ ಬಂದ್ ಇತ್ತು. ಮಾಲಕರು ಎದಿ ಹಿಡಕೊಂಡು ಕುಂತ್ರು. ಎತ್ತಿ ಕ್ಯಾಬಿನ್ನಿನಾಗ ಮಲಗಿಸಿ ಚಾವಿ ತಿರವಿದೆ. ಟಿಕ್ ಅಂತು. ಮತ್ತ ತಿರವಿದೆ, ಟಿಕ್. ಬ್ಯಾಟರಿ ಸತ್ತಿತ್ತು. ಸಪಾಟ ಹೊಲ ವೈನಿ, ಎಲ್ಲೂ ಇಳಜಾರಿಲ್ಲ. ತುಂಬಿದ ಗಾಡಿ, ನಾಕ ಮಂದಿ ಹಮಾಲರು ನೂಕಿದ್ರ ಅಲಗಾಡತೈತೇನು? ಟ್ರ್ಯಾಕ್ಟರ್ ತರಾಕ ಓಡಿದ್ರು. ಅದು ಬಂದು ಎಳಿಯೋದ್ರಾಗ ಭಾಳ ಹೊತ್ತಾತು. ಮಂಗಳವೇಢೆ ಮುಟ್ಟಲಿಲ್ಲ."

ನನ್ನ ಬಾಯಿಂದ ಮೊದಲು ಬಂದ ಮಾತು: "ಅವರು ಏನಾರ ಅಂದ್ರೇನು?"

ಕಾಕಾ ನೆಲ ನೋಡಿದರು. "'ಇಲ್ಲಿ ದಿಬ್ಬ ಇಲ್ಲಲೋ,' ಅಂದ್ರು. ನಕ್ಕರು ವೈನಿ. ಖರೇನ ನಕ್ಕರು."

"ಬ್ಯಾಟರಿ ಸೋತೈತಂತ ಗೊತ್ತಿತ್ತೇನು?"

"ಮೂವರಿಗೂ ಗೊತ್ತಿತ್ತು. ಮುಂಜಾನೆ ದಿಬ್ಬದ ಮ್ಯಾಲಿಂದನ ಇಳಿಸಿದ್ವಿ. ಮುಂದಿನ ವಾರ ಹೊಸಾದು ಹಾಕೋಣು ಅಂತ ಮಾತಾತು."

"ಮುಂದಿನ ವಾರ ಅಂತ ಯಾರಂದ್ರು?"

"ಅದ ನೆನಪಾಗವಲ್ದು. ಮಿಸ್ತ್ರಿ ಸಾಯೋ ತನಕ 'ನಾನ ಅಂದೆ' ಅಂತಿದ್ದ. ನನಗ ಮಾಲಕರು ಅಂದಂಗ ಅನಸತೈತಿ. ಒಮ್ಮೊಮ್ಮಿ ನಾನ ಅಂದ್ನೇನೋ ಅಂತೂ ಅನಸತೈತಿ. ಅವತ್ತಿಂದ ಈ ಗಾಡಿ ಬಂದ್ ಮಾಡಾಕ ನನ್ನ ಕೈ ಏಳಂಗಿಲ್ಲ ವೈನಿ. ಅದಕ್ಕ ಅಂವ ನನಗ ಬೈತಿರಲಿಲ್ಲ. ವರ್ಷಾ ಬ್ಯಾಟರಿ ಹಾಕತಿದ್ದ."

ಅವತ್ತು ಕೋಲನ್ನು ದೇವರ ಮನೆಯಿಂದ ಹೊರಗಿಟ್ಟೆ. ಒಂದು ಬ್ಯಾಟರಿ ಉಳಿಸಲು ಹೋಗಿ ನಿಮ್ಮ ಅಜ್ಜನನ್ನು ಕಳೆದ ಮನುಷ್ಯನ ಕೋಲು ಅನಿಸಿತು. ಮರುದಿನ, ಅವರು ಆಗ ಒಂದು ವಾರ ಒಬ್ಬರೇ ಬುಟ್ಟಿ ಹೊತ್ತು ಮಣ್ಣು ಚೆಲ್ಲಿದ್ದು ನೆನಪಾಯಿತು, ಕುಡಿಯದೆ ಬಿಟ್ಟ ಚಹಾ ನೆನಪಾಯಿತು, ಕಳ್ಳ ಅನಿಸಿಕೊಂಡೂ ಕೋಲು ಅಡ್ಡ ಹಿಡಿದದ್ದು ನೆನಪಾಯಿತು. ಒಳಗಿಟ್ಟೆ. ನನ್ನ ಮುಂದೆ ಮುಚ್ಚಿಟ್ಟರಲ್ಲ ಎಂದು ಸಿಟ್ಟು ಬಂದು ಮತ್ತೆ ಹೊರಗಿಟ್ಟೆ. ಹೇಳಿದ್ದರೆ ನಾನು ಅವರನ್ನು ಇಟ್ಟುಕೊಳ್ಳುತ್ತಿದ್ದೆನೇ? ಇಟ್ಟುಕೊಳ್ಳದಿದ್ದರೆ ಈ ಗಾಡಿಗಳು ಉಳಿಯುತ್ತಿದ್ದವೇ? ಗಾಡಿ ಚಾಲೂ ಆಗಿದ್ದರೂ ನಿಮ್ಮ ಅಜ್ಜ ಉಳಿಯುತ್ತಿದ್ದರೇ? ದಿಬ್ಬ ಕಟ್ಟಿಸಿದವರು ಮಿಸ್ತ್ರಿ, ತಲೆದೂಗಿದವರು ನಿಮ್ಮ ಅಜ್ಜ, ಮನೆಯ ಮುಂದೆಯೂ ಒಂದು ಹಾಕಿಸಿ ಎಂದು ನಗಿಸಿದವಳು ನಾನು. ಇದನ್ನು ಯಾವುದರಿಂದ ಭಾಗಿಸಲಿ? ಕೋಲು ಮತ್ತೆ ಒಳಗೆ ಹೋಯಿತು, ಇಟ್ಟ ಕೈಗೂ ತಿಳಿಯದ ಹಾಗೆ.

ಇಲ್ಲಿಯವರೆಗೆ ಬರೆದು ಎರಡು ದಿನ ಬಿಟ್ಟಿದ್ದೆ. ನಿನ್ನೆ ಮುಂಜಾನೆ ಡ್ರೈವರ್ ಕಾಕಾ ಮಂಗಳವೇಢೆಗೆ ಹೊರಟು ನಿಂತಿದ್ದರು. ಬಯಲಿನಲ್ಲಿ ಬಡಿತವಿಲ್ಲ, ಹಿರೇ ಗಾಡಿಯ ಗುರುಗುಟ್ಟುವಿಕೆ ಒಂದೇ. ನಾನು ಕೋಲು ತೆಗೆದುಕೊಂಡು, ಪಡದೆ ಇದ್ದ ಜಾಗ ದಾಟಿ, ಕಟ್ಟೆ ಇಳಿದು ಗಾಡಿಯ ಹತ್ತಿರ ಹೋದೆ.

"ಕಾಕಾ, ಎಂಜಿನ್ ಬಂದ್ ಮಾಡ್ರಿ."

"ಈಗ ಹೊಂಟೆ ವೈನಿ."

"ಬಂದ್ ಮಾಡ್ರಿ. ಕೇಳಸಂಗಿಲ್ಲ."

ಅವರು ನನ್ನ ಕೈಯಲ್ಲಿದ್ದ ಕೋಲು ನೋಡಿದರು. ಚಾವಿಯ ಮೇಲೆ ಕೈ ಬಹಳ ಹೊತ್ತು ಇತ್ತು. ಆಮೇಲೆ ತಿರುವಿದರು. ಗಾಡಿ ಒಮ್ಮೆ ನಡುಗಿ ಸುಮ್ಮನಾಯಿತು. ಬೇಲಿಯ ಮೇಲಿನ ಗುಬ್ಬಿಯ ಸದ್ದೂ ಕೇಳತೊಡಗಿತು.

ಮುಂದಿನ ಎರಡು ಬಡಿದೆ. ಟಣ್, ಟಣ್. ಹಿಂದಿನ ಎಡಗಡೆಯ ಜೋಡಿ, ಟಣ್, ಟಣ್. ಬಲಗಡೆ ಹೊರಗಿನದು ಟಣ್. ಒಳಗಿನದಕ್ಕೆ ಕೋಲು ತೂರಿಸಿ ಬಡಿದೆ.

"ಇದರಾಗ ಹವಾ ಕಡಿಮಿ ಐತಿ," ಎಂದೆ.

ಕಾಕಾ ಇಳಿದು ಬಂದು, ಹವಾ ತುಂಬಿಸಿ, ಮತ್ತೆ ಹತ್ತಿ ಕೂತರು. ಮತ್ತೊಮ್ಮೆ ಬಡಿದೆ. ಟಣ್ ಎಂದಿತು.

"ಈಗ ಚಾಲೂ ಮಾಡ್ರಿ."

ಅವರು ಚಾವಿ ಹಿಡಿದು ನನ್ನನ್ನು ನೋಡಿದರು. ನಾನೂ ಅವರನ್ನು ನೋಡಿದೆ. ಇಷ್ಟು ವರ್ಷದಲ್ಲಿ ಅವರ ಮುಖ ನೆಟ್ಟಗೆ ನೋಡಿದ್ದು ಅದೇ ಮೊದಲು. ಎಷ್ಟು ಮುದುಕರಾಗಿದ್ದಾರೆ! ತಿರುವಿದರು. ಒಂದೇ ಸಲಕ್ಕೆ ಎತ್ತಿಕೊಂಡಿತು.

ಕೋಲು ಈಗ ದೇವರ ಮನೆಯಲ್ಲಿ ಇಲ್ಲ, ಮನೆಯ ಹೊರಗೂ ಇಲ್ಲ. ಕಚೇರಿಯ ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿದ್ದೇನೆ, ಮಿಸ್ತ್ರಿ ತೂಗುಹಾಕುತ್ತಿದ್ದ ಮೊಳೆಗೇ. ನಾಳೆ ಬೆಳಿಗ್ಗೆ ಮತ್ತೆ ಬೇಕಾಗುತ್ತದೆ.

ಹೋಳಿ ಹತ್ತಿರ ಬಂತು. ಹಿರೇ ಗಾಡಿಗೆ ಹೊಸ ಬ್ಯಾಟರಿ ಹಾಕಿಸು ಎಂದು ಇವತ್ತು ನಿಮ್ಮಪ್ಪನಿಗೆ ಹೇಳಿದೆ. "ಇದ್ದದ್ದು ಗಟ್ಟಿ ಐತಿ, ಹೊಸಾದು ಯಾಕವಾ?" ಎಂದು ಕೇಳಿದ. ಮೇಜಿನ ಮೇಲೆ ಪಾಟಿ ಇತ್ತು. ಸೆರಗಿಗೆ ನೀರು ಹಚ್ಚಿ ಒರೆಸಿ, ಅವತ್ತು ಮಿಸ್ತ್ರಿ ನನಗೆ ಕೊಟ್ಟ ಹಾಗೆ, ಖಾಲಿ ಪಾಟಿಯನ್ನೇ ಅವನ ಕೈಗೆ ಕೊಟ್ಟೆ.